ಕಾಡಿಗೆ ಹೋಗುವ ದಾರಿಯ ಗದ್ದೆ

ತೇಜಸ್ವಿಯವರ ‘ಕರ್ವಾಲೊ’ ಪ್ರಕಟವಾದದ್ದು 1980ರಲ್ಲಿ. ಅದರ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಬಹುಪಾಲು ಹಾರುವ ಓತಿಯ ಬೆನ್ನು ಹತ್ತಿದವು. ವಿಕಾಸವಾದ, ವಿಸ್ಮಯ, ಮಂದಣ್ಣನ ಸೂಕ್ಷ್ಮದೃಷ್ಟಿ ಎಲ್ಲವೂ ಸರಿಯೇ. ಆದರೆ ಕಥೆ ಹೇಳುತ್ತಿರುವವನು ಬೇಸಾಯದ ತಾಪತ್ರಯಗಳಲ್ಲಿ ಸಿಕ್ಕಿಕೊಂಡ ರೈತ, ಕರ್ವಾಲೊ ಒಬ್ಬ ಕೃಷಿ ವಿಜ್ಞಾನಿ ಎಂಬುದರ ಮೇಲೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾದಂಬರಿಯಲ್ಲಿ ಗದ್ದೆ ಎಂದರೆ ತಲೆನೋವು, ವಿಸ್ಮಯವಿರುವುದು ಕಾಡಿನಲ್ಲಿ. ಇದರಿಂದ ಅದರ ಕಡೆಗೆ ನಡೆಯುವುದೇ ಕಥೆಯ ಓಟ.

ಈ ಓಟ ನನಗೆ ಇಷ್ಟ. ಎಷ್ಟು ಸಲ ಓದಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೂ ಒಂದು ತಕರಾರಿದೆ. ಮಲೆನಾಡಿನ ಗದ್ದೆ ಬರೀ ಬತ್ತದ್ದೇ? ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿ ಬರುವ ಹತ್ತುಮೀನು, ಅಂಚಿನ ಬಿಲದ ಏಡಿ, ಪೊದೆಯ ಮರೆಯಿಂದ ಇಣುಕುವ ಹುಂಡುಕೋಳಿ, ಉಳುವವನ ಹಿಂದೆಯೇ ಹೆಜ್ಜೆ ಹಾಕುವ ಬೆಳ್ಳಕ್ಕಿ, ಕಪ್ಪೆ, ಕಪ್ಪೆಯ ಹಿಂದೆ ನೀರುಹಾವು. ಇವೆಲ್ಲ ಯಾವ ಕಾಡಿಗೂ ಕಡಿಮೆಯಲ್ಲದ ಸಂಸಾರ.

ಕಂದು ಜಿಗಿಹುಳುವಿನ ಕಥೆಯನ್ನೇ ನೋಡಿ. ಇಂಡೋನೇಷ್ಯಾದಲ್ಲಿ ಅದನ್ನು ಕೊಲ್ಲಲು ಔಷಧಿ ಹೊಡೆದಷ್ಟೂ ಅದು ಹೆಚ್ಚಿತು. ಸತ್ತದ್ದು ಅದನ್ನು ತಿನ್ನುವ ಜೇಡಗಳು. ತೆಂಡೆಯೊಳಗೆ ಹುದುಗಿದ್ದ ಅದರ ಮೊಟ್ಟೆಗಳು ಉಳಿದುಕೊಂಡವು. 1986ರಲ್ಲಿ ಆ ಸರ್ಕಾರ ಬತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಬೇಕಾಯಿತು. ಮುಂದೆ 1996ರಲ್ಲಿ ಜಾವಾದ ಗದ್ದೆಗಳ ಅಧ್ಯಯನವೊಂದು ಇನ್ನೂ ಸ್ವಾರಸ್ಯದ ಸಂಗತಿಯನ್ನು ಹೇಳಿತು. ಬೆಳೆಯ ಶುರುವಿನಲ್ಲಿ, ಪೀಡೆಯ ಹುಳು ಹೆಚ್ಚುವ ಮೊದಲೇ, ಕೆಸರಿನ ಕೊಳೆತ ಕಸವನ್ನೂ ನೀರಿನ ಸೂಕ್ಷ್ಮಜೀವಿಗಳನ್ನೂ ತಿಂದು ಲೆಕ್ಕವಿಲ್ಲದಷ್ಟು ನುಸಿಗಳು ಹುಟ್ಟುತ್ತವೆ. ಬತ್ತಕ್ಕೆ ಅವುಗಳಿಂದ ಏನೂ ತೊಂದರೆಯಿಲ್ಲ. ಅವನ್ನು ತಿಂದು ಜೇಡಗಳು ಬೆಳೆಯುತ್ತವೆ. ಜಿಗಿಹುಳು ಬರುವ ಹೊತ್ತಿಗೆ ಕಾವಲುಗಾರರು ಆಗಲೇ ಹಾಜರು. ಮೊದಲ ತಿಂಗಳಲ್ಲೇ ಔಷಧಿ ಹೊಡೆದವನು ತನ್ನ ಕಾವಲುಗಾರರ ಊಟದ ತಟ್ಟೆಯನ್ನೇ ಕಿತ್ತುಕೊಂಡಂತೆ. ಹಾರುವ ಓತಿಗಿಂತ ಇದೇನು ಕಡಿಮೆ ವಿಸ್ಮಯ? 1980ರ ಕಾದಂಬರಿಗೆ 1996ರ ವಿಷಯ ಗೊತ್ತಿರಬೇಕಿತ್ತು ಎನ್ನುವಷ್ಟು ಮೊಂಡನಲ್ಲ ನಾನು. ಆದರೆ ಜೇಡ ಆಗಲೂ ಬಲೆ ಹೆಣೆಯುತ್ತಿತ್ತು.

ಈ ತಕರಾರಿಗೆ ಉತ್ತರವೂ ತೇಜಸ್ವಿಯವರಲ್ಲೇ ಇದೆ. ‘ಸಹಜ ಕೃಷಿ’ಯಲ್ಲಿ ಅವರು ಜಪಾನಿನ ಫುಕುವೊಕಾನನ್ನು ನಮಗೆ ಪರಿಚಯಿಸಿದರು. ಉಳದೆ, ಔಷಧಿ ಹೊಡೆಯದೆ ಬತ್ತ ಬೆಳೆದ ಆ ಮನುಷ್ಯನಿಗೆ ಜೇಡರ ಬಲೆ ಹೊದ್ದ ಗದ್ದೆಯೇ ವಿಸ್ಮಯ. ಅವನು ಅದನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಲಿಲ್ಲ. ನನ್ನ ಮಟ್ಟಿಗೆ ಇವೆರಡನ್ನೂ ಜೊತೆಗಿಟ್ಟು ಓದಬೇಕು. ದುರದೃಷ್ಟಕ್ಕೆ ನಾನು ಕೇಳಿದ ಚರ್ಚೆಗಳೆಲ್ಲ ಅವನ ವಿಧಾನ ನಮ್ಮಲ್ಲಿ ನಡೆಯುತ್ತದೋ ಇಲ್ಲವೋ ಎಂಬಲ್ಲೇ ಮುಗಿದವು. ಬತ್ತ ಕೊಯ್ದ ಮೇಲೆ ಚಳಿಗಾಲಕ್ಕೆ ಬಾರ್ಲಿ ಬೆಳೆಯುವ ಶಿಕೋಕು ದ್ವೀಪದ ಪದ್ಧತಿ ನಮ್ಮ ಜಡಿಮಳೆಯ ಗದ್ದೆಗೆ ಹಾಗೇ ಹೊಂದುವುದಿಲ್ಲ, ನಿಜ. ಅವನ ಕಣ್ಣು ಹೊಂದಬಹುದಿತ್ತಲ್ಲ!

ಇದು ಬರೀ ಸಾಹಿತ್ಯದ ಜಗಳವಲ್ಲ. ಮಲೆನಾಡಿನ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಬಸಿಗಾಲುವೆ ತೋಡಿ ನೀರು ಇಳಿಸಿದರೆ ಮುಗಿಯಿತು. ಗದ್ದೆಯೂ ಒಂದು ಜೌಗುನೆಲ, ಅದರ ಜೀವಿಗಳನ್ನು ಕಾಯಬೇಕು ಎಂದು ರಾಮ್ಸಾರ್ ಒಪ್ಪಂದದ ದೇಶಗಳು 2008ರಲ್ಲಿ ಕೊರಿಯಾದಲ್ಲಿ ಸೇರಿ ನಿರ್ಣಯ ಮಾಡಿದವು. ಇಲ್ಲಿ ಒಂದು ಮರ ಬಿದ್ದರೆ ಪತ್ರಿಕೆಗೆ ಪತ್ರ ಬರೆಯುವ ನಾವು, ಸಾಹಿತ್ಯದಿಂದ ಕಾಡನ್ನು ನೋಡಲು ಕಲಿತವರು, ಗದ್ದೆ ಹೋದಾಗ ಸುಮ್ಮನಿದ್ದೇವೆ.

ರೈತರನ್ನು ದೂರುವಂತಿಲ್ಲ. ಆಳು ಸಿಗುವುದಿಲ್ಲ, ಬತ್ತಕ್ಕೆ ಬೆಲೆಯಿಲ್ಲ. ಗದ್ದೆಗೆ ಅಡಿಕೆ ಹಾಕಿದ ನೆರೆಯವರೊಬ್ಬರ ಬಳಿ ಹತ್ತುಮೀನಿನ ಮಾತೆತ್ತಿದೆ. “ಅಡಿಕೆ ದುಡ್ಡಲ್ಲಿ ಪೇಟೆ ಮೀನು ತಂದ್ರಾಯ್ತು ಬಿಡಿ ಮಾರಾಯ್ರೆ” ಎಂದು ನಕ್ಕರು. ಅವರ ಲೆಕ್ಕ ತಪ್ಪು ಎನ್ನಲು ನನ್ನ ಬಳಿ ಅಂಕಿ ಇರಲಿಲ್ಲ. ಕರ್ವಾಲೊ ಅವರಿಗೆ ಏನು ಹೇಳುತ್ತಿದ್ದರೋ.