ಲೆಕ್ಕ ಕೆಡಿಸಿದವನ ಆಲ್ಬಂ

ಬ್ರಿಟನ್ನಿನ ರಾಕ್ ತಂಡ ಕಿಂಗ್ ಕ್ರಿಮ್ಸನ್‌ನ ‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’ (1973) ಅಂದರೆ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಅವರ ಲೆಕ್ಕಾಚಾರದ ಗೆಲುವು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಲೆಕ್ಕ ಕೆಡಿಸಲೆಂದೇ ಕೂತಂತಿದ್ದ ತಾಳವಾದ್ಯಗಾರ ಜೇಮಿ ಮ್ಯೂರ್ ಇರದಿದ್ದರೆ ಇದು ಬರೀ ಜಾಣರ ಆಲ್ಬಂ ಆಗುತ್ತಿತ್ತು.

ಹಳೆಯ ತಂಡ ಚದುರಿದ ಮೇಲೆ 1972ರಲ್ಲಿ ಫ್ರಿಪ್ ಹೊಸಬರನ್ನು ಕೂಡಿಸಿದರು. ‘ಯೆಸ್’ ತಂಡದ ಭರಾಟೆಯ ದಿನಗಳಲ್ಲೇ ಅದನ್ನು ಬಿಟ್ಟುಬಂದ ಡ್ರಮ್ಮರ್ ಬಿಲ್ ಬ್ರೂಫರ್ಡ್, ಬೇಸ್ ನುಡಿಸುತ್ತ ಹಾಡುವ ಜಾನ್ ವೆಟನ್, ಪಿಟೀಲಿನ ಡೇವಿಡ್ ಕ್ರಾಸ್. ಜೊತೆಗೆ ಗಂಟೆ, ಗಿಲಕಿ, ತಗಡು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ವಾದ್ಯ ಮಾಡಿಕೊಳ್ಳುತ್ತಿದ್ದ ಮ್ಯೂರ್. ಆಲ್ಬಂನ ವಿಚಿತ್ರ ಹೆಸರೂ ಅವರದೇ.

ಹದಿಮೂರೂವರೆ ನಿಮಿಷದ ಮೊದಲ ರಚನೆಯನ್ನೇ ನೋಡಿ. ಹೆಬ್ಬೆರಳಲ್ಲಿ ಮೀಟುವ ಆಫ್ರಿಕದ ಪುಟ್ಟ ವಾದ್ಯ, ಸುತ್ತ ಸಣ್ಣ ಗಂಟೆಗಳು, ನಿಮಿಷಗಟ್ಟಲೆ ಇಷ್ಟೇ. ಆಮೇಲೆ ಪಿಟೀಲು ಒಂದೇ ಸ್ವರಗುಚ್ಛವನ್ನು ಕಮಾನಿನಿಂದ ಕುಟ್ಟತೊಡಗುತ್ತದೆ, ಮರೆಯಲ್ಲಿ ಗಿಟಾರ್ ಗುರುಗುಟ್ಟುತ್ತದೆ, ಒಮ್ಮೆಲೇ ಎಲ್ಲ ಮೈಮೇಲೆ ಬೀಳುತ್ತದೆ. ಬ್ರೂಫರ್ಡ್ ಲಯವನ್ನು ಬಿಗಿಹಿಡಿದಷ್ಟೂ ಮ್ಯೂರ್ ಸಂದಿಗೊಂದಿಗಳಲ್ಲಿ ಏನೋ ಎಸೆಯುತ್ತಿರುತ್ತಾರೆ. ಅಷ್ಟು ಆರ್ಭಟದ ನಡುವೆ ಕ್ರಾಸ್ ಒಬ್ಬರೇ ಉಳಿಯುವ ಭಾಗ ಈ ಆಲ್ಬಂನ ಅತ್ಯುತ್ತಮ ಗಳಿಗೆ.

ಹಾಡುಗಳ ಮಾತು ಬೇರೆ. ‘ಎಕ್ಸೈಲ್ಸ್’ನಲ್ಲಿ ವೆಟನ್ ದನಿಗೆ ಘನತೆಯಿದೆ. ‘ಬುಕ್ ಆಫ್ ಸ್ಯಾಟರ್ಡೇ’ ಚೆಂದ, ಆದರೆ ಬೇಗ ಮರೆತುಹೋಗುತ್ತದೆ. ‘ಈಸಿ ಮನಿ’ಯ ಸಾಹಿತ್ಯ ತೆಳು, ಅದನ್ನು ಕಾಪಾಡುವುದೂ ಮ್ಯೂರ್ ಹುಟ್ಟಿಸುವ ಚೇಷ್ಟೆಯ ಸದ್ದುಗಳೇ.

‘ದಿ ಟಾಕಿಂಗ್ ಡ್ರಮ್’ ಕೇಳಿಯೂ ಕೇಳದಂತೆ ಶುರುವಾಗಿ ಏಳು ನಿಮಿಷ ಏರುತ್ತಲೇ ಹೋಗಿ, ಚೀರಾಟದಲ್ಲಿ ಮುಗಿದು ಕೊನೆಯ ರಚನೆಗೆ ನಮ್ಮನ್ನು ದೂಡುತ್ತದೆ. ಅಲ್ಲಿ ಫ್ರಿಪ್ ಲೆಕ್ಕ ನಿಚ್ಚಳ: ತೊಡೆಯ ಮೇಲೆ ತಾಳ ಹಾಕಿದರೆ ಮೂರು, ಮೂರು, ಎರಡು, ಎರಡು ಎಂದು ಹತ್ತು ಎಣಿಕೆ ಸಿಗುತ್ತದೆ. ಮೆಚ್ಚುವಂಥದ್ದೇ. ಆದರೂ ಎರಡನೇ ಸಲ ಕೇಳುವಾಗ ಮುಂದೇನು ಬರುತ್ತದೆಂದು ಗೊತ್ತಾಗಿಬಿಡುತ್ತದೆ. ಮೊದಲ ರಚನೆಯಲ್ಲಿ ಹಾಗಾಗುವುದಿಲ್ಲ.

ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ಮ್ಯೂರ್ ತಂಡ ಬಿಟ್ಟು ಬೌದ್ಧ ಸಾಧನೆಯತ್ತ ಹೊರಟಿದ್ದರು. ತಂಡದ ಮುಂದಿನ ವರ್ಷದ ಆಲ್ಬಂ ‘ರೆಡ್’ ಇದಕ್ಕಿಂತ ಗಟ್ಟಿ ಕೆಲಸವಾದರೂ ಅಲ್ಲಿ ಈ ತುಂಟತನವಿಲ್ಲ. ‘ಲಾರ್ಕ್ಸ್ ಟಂಗ್ಸ್’ನ ಮೂಲ ಮುದ್ರಣದಲ್ಲಿ ಮೆಲುದನಿಯ ಭಾಗಗಳು ತೀರಾ ಕ್ಷೀಣ. ಹೊಸದಾಗಿ ಕೇಳುವವರು ಸಂಗೀತಗಾರ ಸ್ಟೀವನ್ ವಿಲ್ಸನ್ ಮರುಮಿಶ್ರಣ ಮಾಡಿದ 2012ರ ಆವೃತ್ತಿಯನ್ನು ಹುಡುಕಿ, ಹೆಡ್‌ಫೋನ್ ಹಾಕಿಕೊಂಡೇ ಕೇಳಿ.