ಗೋಪುರಕ್ಕೂ ಮರುಭೂಮಿಗೂ ನಡುವಿನ ಅಡುಗೆಮನೆ

ಗಲ್ಫಿನಿಂದ ಊರಿಗೆ ಬರುವ ಫೋಟೋಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. ಎತ್ತರದ ಕಟ್ಟಡದ ಮುಂದೆ ನಿಂತ ಹುಡುಗ, ಯಾರದೋ ಕಾರಿಗೆ ಒರಗಿದ ಹುಡುಗ, ಸಮುದ್ರದ ದಂಡೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಹುಡುಗ. ತಲೆಗೆ ಬಲೆಯ ಟೊಪ್ಪಿ ಹಾಕಿ, ಏಪ್ರನ್ ಕಟ್ಟಿ, ಮೊಣಕೈಯವರೆಗೆ ಮೈದಾ ಮೆತ್ತಿಕೊಂಡ ಹುಡುಗನ ಫೋಟೋ ಅದರಲ್ಲಿ ಇರುವುದಿಲ್ಲ. ನಾವೂ ಅಂಥ ಫೋಟೋ ಕಳಿಸಿದವರಲ್ಲ. ಕೊಲ್ಲಿಯ ಒಂದು ನಗರದ ಪಿಜ್ಜಾ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ ಕರಾವಳಿಯ ನಾಲ್ಕೈದು ಮಂದಿ ನಾವು. ಏನು ಕೆಲಸವೆಂದು ಊರಿನಲ್ಲಿ ಕೇಳಿದವರಿಗೆ ‘ಹೋಟೆಲ್ ಲೈನ್’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆವು. ಆ ಮೌನದ ಬಗ್ಗೆ, ಆ ಮೌನಕ್ಕೆ ಒತ್ತಾಸೆಯಾದ ಕಥೆ-ಸಿನಿಮಾಗಳ ಬಗ್ಗೆ ನಾಲ್ಕು ಮಾತು ಹೇಳುವುದು ಈ ಬರಹದ ಉದ್ದೇಶ.

ವಿದೇಶದ ದುಡಿಮೆಯ ಬಗ್ಗೆ ನಮ್ಮ ನಡುವೆ ಎರಡೇ ಬಗೆಯ ಕಥೆಗಳಿವೆ. ಒಂದು ಗೋಪುರದ ಕಥೆ. ಹೋದವನು ಗೆದ್ದ, ಮನೆ ಕಟ್ಟಿಸಿದ, ತಂಗಿಯರ ಮದುವೆ ಮಾಡಿಸಿದ. ಇನ್ನೊಂದು ಮರುಭೂಮಿಯ ಕಥೆ. ಹೋದವನು ಮೋಸಹೋದ, ಗುಲಾಮನಾದ, ಹೇಗೋ ಜೀವ ಉಳಿಸಿಕೊಂಡು ಬಂದ. ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ (2008) ಈ ಎರಡನೆಯ ಬಗೆಯ ಶಿಖರ. 2024ರಲ್ಲಿ ಅದು ಬ್ಲೆಸ್ಸಿಯವರ ನಿರ್ದೇಶನದಲ್ಲಿ ಸಿನಿಮಾ ಆಗಿ ಬಂತು. ಕೆಲಸದ ಆಸೆಯಿಂದ ಸೌದಿಗೆ ಹೋದ ನಜೀಬ್ ಮರಳುಗಾಡಿನಲ್ಲಿ ಆಡುಗಳ ನಡುವೆ ಆಡಿನಂತಾಗುವ ಆ ಕಥೆಯನ್ನು ಓದಿ ಕಣ್ಣು ತೇವವಾಗದವರು ವಿರಳ. ದುಡಿಯುವವನನ್ನು ಪ್ರಾಯೋಜಕನ ಕೈಗೆ ಕಟ್ಟಿಹಾಕುವ ಕಫಾಲಾ ಪದ್ಧತಿಯ ಕ್ರೌರ್ಯವನ್ನು ಅದು ಜಗತ್ತಿಗೆ ತೋರಿಸಿತು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅದನ್ನು ನಾವು ಓದಿದ ರೀತಿಯಲ್ಲಿ ಒಂದು ದೋಷವಿದೆ. ನಜೀಬನ ನರಕವೇ ಕಷ್ಟದ ಅಳತೆಗೋಲಾಯಿತು. ಅದಕ್ಕಿಂತ ಕಡಿಮೆಯದೆಲ್ಲವೂ ಸುಖವೆನಿಸಿಕೊಂಡಿತು. ‘ನಿಮಗೇನಪ್ಪಾ, ನೆರಳಲ್ಲಿ ಕೆಲಸ, ಹೊಟ್ಟೆಗೆ ಊಟ’ ಎಂದು ಊರಿನ ಹಿರಿಯರು ನಮಗೆ ಹೇಳಿದ್ದುಂಟು. ಅವರ ಮಾತು ಸುಳ್ಳೇನಲ್ಲ. ನಮಗೆ ನೆರಳಿತ್ತು. ಸಂಬಳ ತಿಂಗಳಿಗೆ ಸರಿಯಾಗಿ ಬ್ಯಾಂಕಿಗೆ ಬರುತ್ತಿತ್ತು. ನಮ್ಮ ಕಥೆಯಲ್ಲಿ ಖಳನಾಯಕನಿಲ್ಲ. ಖಳನಾಯಕನಿಲ್ಲದ ಕಷ್ಟವನ್ನು ಹೇಗೆ ಹೇಳುವುದು?

ಆ ದಿನಚರಿ ಹೀಗಿರುತ್ತಿತ್ತು. ಹಿಂದಿನ ದಿನ ಕಲಸಿ, ತೂಕ ಮಾಡಿ, ಉಂಡೆ ಕಟ್ಟಿ ಚಿಲ್ಲರಿನಲ್ಲಿಟ್ಟ ಹಿಟ್ಟಿನ ಟ್ರೇಗಳನ್ನು ಬೆಳಿಗ್ಗೆ ಹೊರಗೆ ತೆಗೆಯಬೇಕು. ಒಂದೊಂದು ಡಬ್ಬಕ್ಕೂ ತಾರೀಕಿನ ಚೀಟಿ ಅಂಟಿಸಬೇಕು, ಫ್ರಿಜ್ಜಿನ ಉಷ್ಣತೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಈರುಳ್ಳಿ, ದೊಣ್ಣೆಮೆಣಸು, ಅಣಬೆ ಹೆಚ್ಚಿ ಬಾನಿ ತುಂಬಬೇಕು. ಪೆಟ್ಟಿಗೆಗಳನ್ನು ಮಡಚಿ ಸೂರಿನವರೆಗೆ ಜೋಡಿಸಬೇಕು. ಮಧ್ಯಾಹ್ನದಿಂದ ಆರ್ಡರಿನ ಯಂತ್ರ ಚೀಟಿ ಉಗುಳಲು ಶುರು ಮಾಡಿದರೆ ನಡುರಾತ್ರಿ ದಾಟುವವರೆಗೂ ನಿಲ್ಲುವುದಿಲ್ಲ. ಹಿಟ್ಟು ಅಗಲಿಸುವವನೊಬ್ಬ, ಸಾಸ್ ಸವರಿ ಚೀಸ್ ಉದುರಿಸುವವನೊಬ್ಬ, ಓವನ್ನಿನ ಬಾಯಲ್ಲಿ ನಿಂತು ತೆಗೆದು ಕತ್ತರಿಸುವವನೊಬ್ಬ. ಓವನ್ನಿನ ಒಳಗೆ ಸುಮಾರು 250 ಡಿಗ್ರಿ ಶಾಖ. ಬೆನ್ನ ಹಿಂದೆ ನಾಲ್ಕು ಡಿಗ್ರಿಯ ಚಿಲ್ಲರ್. ದಿನಕ್ಕೆ ನೂರು ಸಲ ಈ ಬಿಸಿಗೂ ಆ ತಣ್ಣಗೂ ನಡುವೆ ಓಡಾಡಿದ ಮೈಗೆ ಯಾವ ಋತುವೂ ತಿಳಿಯುವುದಿಲ್ಲ. ಯು.ಎ.ಇ.ಯಂಥ ದೇಶಗಳಲ್ಲಿ ಬೇಸಗೆಯ ಮಧ್ಯಾಹ್ನ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಅದು ಬಯಲಲ್ಲಿ ದುಡಿಯುವವರಿಗೆ. ಓವನ್ನಿನ ಬಾಯಲ್ಲಿ ನಿಂತವನ ತಲೆಯ ಮೇಲೆ ಸೂರಿದೆಯಲ್ಲ!

ಎಲ್ಲರ ಮುಂಗೈಯಲ್ಲೂ ಸಾಲು ಸಾಲಾಗಿ ಸುಟ್ಟ ಗೆರೆಗಳಿರುತ್ತಿದ್ದವು. ನೇಪಾಳದವನು, ಫಿಲಿಪ್ಪೀನ್ಸಿನವನು, ಈಜಿಪ್ಟಿನವನು, ನಾವು — ಭಾಷೆ ಬೇರೆಯಾದರೂ ಗೆರೆಗಳು ಒಂದೇ. ರಮಝಾನ್ ತಿಂಗಳಲ್ಲಿ ಮಗ್ರಿಬಿನ ಬಾಂಗ್ ಆಗುವ ಹೊತ್ತಿಗೇ ಆರ್ಡರುಗಳು ಮುಗಿಬೀಳುತ್ತಿದ್ದವು. ಊರಿನ ಎಲ್ಲ ಮನೆಗಳ ಇಫ್ತಾರಿಗೆ ಪೆಟ್ಟಿಗೆ ಕಳಿಸುವ ನಾವು ಒಂದು ಖರ್ಜೂರವನ್ನು ಬಾಯಿಗೆ ಹಾಕಿ, ಒಂದು ಲೋಟ ನೀರು ಕುಡಿದು, ನಿಂತಲ್ಲೇ ಉಪವಾಸ ಬಿಡುತ್ತಿದ್ದೆವು. ನಮ್ಮ ಪಾಲಿನ ಚೀಟಿಯನ್ನು ಆ ಎರಡು ನಿಮಿಷ ಹಿಡಿದುಕೊಳ್ಳುತ್ತಿದ್ದವನು ಉಪವಾಸವಿಲ್ಲದ ನೇಪಾಳದ ಹುಡುಗ. ಇದು ಯಾವ ಕಾದಂಬರಿಗೂ ಸಾಲದ ಘಟನೆ ಇರಬಹುದು. ನಮಗೆ ಮಾತ್ರ ಮರೆಯಲಾಗದ್ದು.

ಇಂಥ ಬದುಕನ್ನು ಯಾರೂ ಬರೆದಿಲ್ಲವೇ? ಬರೆದಿದ್ದಾರೆ. ಜಾರ್ಜ್ ಆರ್ವೆಲ್ 1933ರಲ್ಲಿ ಪ್ರಕಟಿಸಿದ ತಮ್ಮ ಮೊದಲ ಪುಸ್ತಕದಲ್ಲಿ ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆದ ದಿನಗಳನ್ನು ದಾಖಲಿಸಿದ್ದಾರೆ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಒಂದೇ ಬಾಗಿಲು. ಆಚೆ ಬೆಳಕು, ಈಚೆ ಕೊಳಕು. ಆ ಬಾಗಿಲು ದಾಟುವಾಗ ಪರಿಚಾರಕನ ಮುಖವೇ ಬದಲಾಗುವುದನ್ನು ಅವರು ಗುರುತಿಸುತ್ತಾರೆ. ಓದಿದಾಗ ನಮ್ಮ ಅಡುಗೆಮನೆಯೇ ಕಂಡಿತು. ಆದರೂ ಒಂದು ವ್ಯತ್ಯಾಸವಿದೆ. ಆರ್ವೆಲ್ ಅಲ್ಲಿಂದ ಎದ್ದು ಹೋಗಬಲ್ಲವರಾಗಿದ್ದರು, ಹೋದರು, ಬರೆದರು. ಅವರ ಸಂಬಳಕ್ಕಾಗಿ ಊರಿನಲ್ಲಿ ಒಂದು ಕುಟುಂಬ ಕಾದಿರಲಿಲ್ಲ.

ಪಿಜ್ಜಾ ಅಂಗಡಿಯನ್ನೇ ನಡುವಿಟ್ಟುಕೊಂಡ ಸಿನಿಮಾ ಎಂದರೆ ಸ್ಪೈಕ್ ಲೀ ಅವರ ‘ಡು ದ ರೈಟ್ ಥಿಂಗ್’ (1989). ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ವರ್ಷದ ಅತಿ ಸೆಕೆಯ ದಿನ ನಡೆಯುವ ಕಥೆ. ಅಂಗಡಿಯ ಮಾಲಕ ಇಟಲಿ ಮೂಲದವನು, ಗಿರಾಕಿಗಳು ಕರಿಯರು. ಗೋಡೆಯ ಮೇಲೆ ಮಾತ್ರ ಇಟಲಿ ಮೂಲದ ಪ್ರಸಿದ್ಧರದೇ ಚಿತ್ರಗಳು. ‘ನಮ್ಮವರ ಚಿತ್ರ ಯಾಕಿಲ್ಲ?’ ಎಂದು ಒಬ್ಬ ಗಿರಾಕಿ ಎತ್ತುವ ಜಗಳ ರಾತ್ರಿಯ ಹೊತ್ತಿಗೆ ಒಬ್ಬನ ಸಾವಿನಲ್ಲಿ, ಅಂಗಡಿಯ ಬೆಂಕಿಯಲ್ಲಿ ಮುಗಿಯುತ್ತದೆ. ಗೋಡೆಯ ಮೇಲೆ ಯಾರ ಚಿತ್ರ ಇರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ ಎಂಬುದನ್ನು ಆ ಸಿನಿಮಾ ಕಲಿಸುತ್ತದೆ. ನಮ್ಮ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಒಳಗಿನದು. ತಿನ್ನುವವರ ಚಿತ್ರವಾಯಿತು, ಒಡೆಯರ ಚಿತ್ರವಾಯಿತು, ಮಾಡುವವರದು?

ಇಲ್ಲೊಂದು ವಿಪರ್ಯಾಸವಿದೆ. ಪಿಜ್ಜಾ ಮೂಲದಲ್ಲಿ ನೇಪಲ್ಸಿನ ಬಡವರ ತಿಂಡಿ. ಹೊಟ್ಟೆಪಾಡಿಗೆ ಹಡಗು ಹತ್ತಿದ ಇಟಲಿಯ ವಲಸಿಗರು ಅದನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿಂದ ಅದು ದೊಡ್ಡ ಕಂಪೆನಿಗಳ ಸರಕಾಗಿ ಜಗತ್ತನ್ನು ಸುತ್ತಿತು. 2017ರಲ್ಲಿ ಯುನೆಸ್ಕೋ ನೇಪಲ್ಸಿನ ಪಿಜ್ಜಾಗಾರರ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷದ ವಿಷಯವೇ. ಹಿಟ್ಟು ಅಗಲಿಸುವ ಕೈಗೆ ಒಂದು ಊರಿನಲ್ಲಿ ಗೌರವ ಸಿಕ್ಕಿತು. ಅದೇ ಕೆಲಸ ಮಾಡುವ ಮಂಗಳೂರಿನವನ, ಕಠ್ಮಂಡುವಿನವನ ಕೈಗೆ ಹೆಸರೂ ಇಲ್ಲ, ಫೋಟೋವೂ ಇಲ್ಲ.

ಹಾಗೆಂದು ತಪ್ಪೆಲ್ಲ ಹೊರಗಿನವರದೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಫೋಟೋ ತೆಗೆಸಿಕೊಳ್ಳದವರು ನಾವೇ ತಾನೆ? ಸಲೀಂ ಅಹಮದ್ ನಿರ್ದೇಶಿಸಿದ ‘ಪತ್ತೇಮಾರಿ’ (2015) ಎಂಬ ಮಲಯಾಳಂ ಸಿನಿಮಾದಲ್ಲಿ ಮಮ್ಮುಟ್ಟಿ ಅಭಿನಯಿಸಿದ ನಾರಾಯಣನ್ ತನ್ನ ಬವಣೆಯನ್ನು ಮನೆಯವರಿಗೆ ಹೇಳದೆ ಇಡೀ ಆಯುಷ್ಯ ದುಡಿಯುತ್ತಾನೆ. ಆ ಸಿನಿಮಾ ಅವನ ಮೌನವನ್ನು ತ್ಯಾಗವೆಂದು ಕಾಣುತ್ತದೆ. ನಮ್ಮ ಮೌನದಲ್ಲಿ ತ್ಯಾಗಕ್ಕಿಂತ ನಾಚಿಕೆಯೇ ಹೆಚ್ಚಿತ್ತು. ಯಾತರ ನಾಚಿಕೆ? ಕಳ್ಳತನ ಮಾಡಿರಲಿಲ್ಲ, ಭಿಕ್ಷೆ ಬೇಡಿರಲಿಲ್ಲ. ಅಡುಗೆ ಮಾಡಿದ್ದೆವು, ಪಾತ್ರೆ ತೊಳೆದಿದ್ದೆವು, ನೆಲ ಒರೆಸಿದ್ದೆವು. ಅಂದರೆ ನಮ್ಮ ಮನೆಯ ಹೆಣ್ಣುಮಕ್ಕಳು ದಿನಾ ಮಾಡುವ ಕೆಲಸವನ್ನು ಮಾಡಿದ್ದೆವು. ಊರಿನಲ್ಲಿ ಉಂಡ ತಟ್ಟೆಯನ್ನು ಎತ್ತಿಡದವರು ನಾವು. ಉಮ್ಮ ಒಲೆಯ ಮುಂದೆ ಕೂತು ಹೊಗೆಯಲ್ಲಿ ಪತ್ತಿರ್ ಸುಡುತ್ತಿದ್ದುದನ್ನು ಕೆಲಸವೆಂದು ಎಣಿಸಿದವರೇ ಅಲ್ಲ. ಅವರ ಮುಂಗೈಯಲ್ಲೂ ನಮ್ಮಂಥದೇ ಸುಟ್ಟ ಗೆರೆಗಳಿದ್ದವು ಎಂಬುದು ನೆನಪಾದದ್ದು ನಮ್ಮ ಕೈ ಸುಟ್ಟ ಮೇಲೆ.

ಆದ್ದರಿಂದ ನಮ್ಮ ಸಾಹಿತ್ಯದಲ್ಲಿ ಪಿಜ್ಜಾ ಅಡುಗೆಮನೆ ಇಲ್ಲದಿರುವುದಕ್ಕೆ ಕಾರಣವನ್ನು ಗಲ್ಫಿನಲ್ಲಿ ಹುಡುಕಬೇಕಿಲ್ಲ, ನಮ್ಮ ಮನೆಗಳಲ್ಲೇ ಸಿಗುತ್ತದೆ. ಅಡುಗೆಮನೆಯ ಕೆಲಸ ಕೀಳು, ಅದರಲ್ಲಿ ಕಥೆಯಿಲ್ಲ ಎಂದು ತಲೆಮಾರುಗಳಿಂದ ನಂಬಿದ ಸಮಾಜ, ತನ್ನ ಗಂಡುಮಕ್ಕಳೇ ಆ ಕೆಲಸಕ್ಕೆ ಹೋದಾಗ ಅವರ ಕಥೆಯನ್ನು ಕೇಳುವ ಕಿವಿಯನ್ನು ಕಳೆದುಕೊಂಡಿತ್ತು. ಕನ್ನಡದಲ್ಲಿ ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್ ಅವರಂಥ ಲೇಖಕಿಯರು ಮುಸ್ಲಿಂ ಮನೆಯ ಒಳಗನ್ನು, ಅಲ್ಲಿ ಸವೆಯುವ ಹೆಣ್ಣಿನ ಬದುಕನ್ನು ಸಾಹಿತ್ಯದ ಅಂಗಳಕ್ಕೆ ತಂದರು. 2025ರಲ್ಲಿ ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ, ಮನೆಯೊಳಗಿನ ‘ಸಣ್ಣ’ ಸಂಗತಿಗಳು ಜಗತ್ತಿಗೆ ಕೇಳುವಷ್ಟು ದೊಡ್ಡವು ಎಂಬುದು ಖಚಿತವಾಯಿತು. ದಾರಿಯನ್ನು ಅವರು ತೋರಿಸಿದ್ದಾರೆ. ದೂರದೇಶದ ಅಡುಗೆಮನೆಯಲ್ಲಿ ನಿಂತ ಗಂಡಸು ಆ ದಾರಿಯಲ್ಲಿ ಇನ್ನೂ ಹೆಜ್ಜೆ ಇಡಬೇಕಾಗಿದೆ.

ಇದು ಬರೀ ಸಾಹಿತ್ಯದ ಮಾತಲ್ಲ. ಈಗಲೂ ನಮ್ಮ ಊರುಗಳಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗರು ಫೋಟೋ ನೋಡಿ ಪಾಸ್‌ಪೋರ್ಟ್ ಮಾಡಿಸುತ್ತಿದ್ದಾರೆ. ಅವರ ಕಣ್ಣ ಮುಂದಿರುವುದು ಗೋಪುರ. ಮರುಭೂಮಿಯ ಕಥೆ ಹೇಳಿದರೆ ‘ಅದೆಲ್ಲ ಹಿಂದಿನ ಕಾಲದ್ದು’ ಎನ್ನುತ್ತಾರೆ. ಎರಡರ ನಡುವಿನ ಸತ್ಯವನ್ನು ಯಾರೂ ಅವರಿಗೆ ಹೇಳಿಲ್ಲ. ಎಷ್ಟು ಗಂಟೆ ನಿಲ್ಲಬೇಕು, ಒಂದು ಕೋಣೆಯಲ್ಲಿ ಎಷ್ಟು ಮಂಚ, ಸಂಬಳದಲ್ಲಿ ಎಷ್ಟು ಉಳಿಯುತ್ತದೆ, ಯಾವ ಗೆಳೆತನ ಸಿಗುತ್ತದೆ, ಯಾವ ನೋವು ಉಳಿಯುತ್ತದೆ ಎಂಬುದನ್ನು ಹೇಳಬೇಕಾದವರು ನಾವು. ಹೋಗಬೇಡಿ ಎನ್ನುವುದಲ್ಲ, ತಿಳಿದು ಹೋಗಿ ಎನ್ನುವುದು.

ಊರಿಗೆ ಬಂದ ಮೇಲೆ ನಮ್ಮಲ್ಲೊಬ್ಬ ಒಂದು ಸಂಜೆ ತಾನೇ ಮೈದಾ ಕಲಸಲು ಕೂತ. ಉಮ್ಮ ಗಾಬರಿಯಾಗಿ ‘ನೀನು ಯಾಕೆ ಮಗಾ, ಬಿಡು’ ಎಂದರು. ಅವನು ತೋಳು ಮಡಚಿ ಗೆರೆಗಳನ್ನು ತೋರಿಸಿದ. ಅವರು ಏನೂ ಹೇಳಲಿಲ್ಲ. ತಮ್ಮ ಕೈಯನ್ನು ಅವನ ಕೈಯ ಪಕ್ಕದಲ್ಲಿಟ್ಟು ನೋಡಿದರು. ಆ ಎರಡು ಕೈಗಳ ಫೋಟೋವನ್ನೂ ಯಾರೂ ತೆಗೆಯಲಿಲ್ಲ.