ಪಲ್ಲಕ್ಕಿ ಹೊತ್ತವರ ಬಸ್ಸು

ನಮ್ಮ ವಿಮರ್ಶಕರು ಕಾವ್ಯದಲ್ಲಿ ಪ್ರತಿಮೆ ಹುಡುಕಿ ಹುಡುಕಿ ಸುಸ್ತಾಗಿದ್ದಾರೆ. ಅವರನ್ನು ಒಂದು ದಿನ ಯಾವುದಾದರೂ ಜಿಲ್ಲಾ ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬಸ್ಸುಗಳ ಮೈಮೇಲಿನ ಹೆಸರು ಓದಿಸಬೇಕು. ರಾಜಹಂಸ. ಐರಾವತ. ಅಂಬಾರಿ. 2023ರಲ್ಲಿ ಬಂದದ್ದು ಪಲ್ಲಕ್ಕಿ. 2024ರಲ್ಲಿ ಬಂದದ್ದು ಅಶ್ವಮೇಧ. ಇಂದ್ರನ ಆನೆ, ಅರಸನ ಆಸನ, ಚಕ್ರವರ್ತಿಯ ಯಜ್ಞದ ಕುದುರೆ! ಜನರ ದುಡ್ಡಿನಲ್ಲಿ ನಡೆಯುವ ಸಂಸ್ಥೆಗೆ ತನ್ನ ಬಸ್ಸಿಗೊಂದು ಹೆಸರು ಬೇಕಾದಾಗ ನೆನಪಾದದ್ದು ಅರಮನೆ ಮತ್ತು ಪುರಾಣ. ಪಲ್ಲಕ್ಕಿಯಲ್ಲಿ ಕೂತವರ ಹೆಸರು ಚರಿತ್ರೆಯಲ್ಲಿದೆ. ಹೊತ್ತವರ ಹೆಗಲ ಮೇಲಿನ ಜಡ್ಡು ಎಲ್ಲಿ ದಾಖಲಾಗಿದೆ ಸ್ವಾಮಿ?

ಹಳ್ಳಿಗೆ ಬರುವ ಬಸ್ಸಿಗೆ ಇಂಥ ಹೆಸರೇನೂ ಇಲ್ಲ. ನಮ್ಮ ಸೀಮೆಯ ಜನ ಅದನ್ನು ಕೆಂಪು ಬಸ್ಸು ಅಂತಾರೆ, ಗವರ್ಮೆಂಟ್ ಬಸ್ಸು ಅಂತಾರೆ. ಕೋಳಿ, ಸೌದೆ, ಸೊಪ್ಪಿನ ಮೂಟೆ, ಆಸ್ಪತ್ರೆ ಚೀಟಿ, ಕೂಲಿಯವರ ಬುತ್ತಿ, ಎಲ್ಲವೂ ಅದರಲ್ಲೇ. ನಾನು ವಿಮರ್ಶೆ ಮಾಡಹೊರಟಿರುವುದು ಈ ಬಸ್ಸನ್ನು.

ಬಯ್ಯುವ ಮುಂಚೆ ಅದರ ಋಣ ಹೇಳಬೇಕು. 1901ರಲ್ಲಿ ಬಾಲಕ ಭೀಮರಾವ್ ಮನೆಯ ಮಕ್ಕಳ ಜೊತೆ ಮಸೂರ್ ಎಂಬ ಸ್ಟೇಷನ್ನಿನಲ್ಲಿ ರೈಲಿಳಿದು ನಿಂತಾಗ, ಜಾತಿ ತಿಳಿದ ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ಗಾಡಿಯವನು ಮೈಲಿಗೆಯಾಗದ ಹಾಗೆ ಪಕ್ಕದಲ್ಲಿ ನಡೆದ. ಇದನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ಅಂಥ ದೇಶದಲ್ಲಿ 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳನ್ನು ರಸ್ತೆಗಿಳಿಸಿತು. 1961ರಲ್ಲಿ ಅದು ನಿಗಮವಾಯಿತು. ಈಗ ಒಂದು ನಿಗಮ ನಾಲ್ಕಾಗಿದೆ. ಸಾರ್ವಜನಿಕ ವಾಹನ ಹತ್ತಲು ಅಸ್ಪೃಶ್ಯತೆಯ ಹೆಸರಲ್ಲಿ ಅಡ್ಡಿ ಮಾಡುವುದು ಅಪರಾಧವೆಂದು 1955ರ ಕಾನೂನು ಹೇಳಿತು. ಹೋಟೆಲಿನಲ್ಲಿ ಬೇರೆ ಲೋಟ, ನೀರಿಗೆ ಬೇರೆ ಬಾವಿ ಇದ್ದ ಊರುಗಳಿಗೇ ಬಸ್ಸು ಹೋಯಿತು. ಮೂರು ಜನದ ಸೀಟಿನಲ್ಲಿ ಗೌಡರ ತೊಡೆಗೆ ನಮ್ಮ ತಾತನ ತೊಡೆ ತಾಗಿಸಿತು. ಯಾವ ಭಾಷಣವನ್ನೂ ಮಾಡದೆ ತಾಗಿಸಿತು. ಟಿಕೆಟ್ಟಿನಲ್ಲಿ ಜಾತಿಯ ಕಾಲಂ ಇರಲಿಲ್ಲವಲ್ಲ!

ಈಗ ಶಕ್ತಿ ಯೋಜನೆಯ ಮಾತು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರು ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ. 2025ರ ಜುಲೈ ಹೊತ್ತಿಗೆ ಅಂಥ 500 ಕೋಟಿ ಟಿಕೆಟ್ಟು ಹರಿದವು. ನನ್ನವ್ವ ತವರಿಗೆ ಹೋಗಬೇಕಾದರೆ ಅಪ್ಪನ ಜೇಬು, ಅಪ್ಪನ ಮುಖ ಎರಡನ್ನೂ ನೋಡಬೇಕಿತ್ತು. ಈಗ ಆಧಾರ್ ಕಾರ್ಡು ಇಟ್ಟುಕೊಂಡು ಹೊರಟೇಬಿಡುತ್ತಾಳೆ. ಇದು ಸಣ್ಣ ಬದಲಾವಣೆ ಅನ್ನುವವರು ಕೈಯಲ್ಲಿ ಹತ್ತು ರೂಪಾಯಿ ಇಲ್ಲದ ಹೆಣ್ಣನ್ನು ಕಂಡಿಲ್ಲ.

ಶುರುವಾದ ದಿನಗಳಲ್ಲೇ ನಕ್ಕವರುಂಟು. ಬಿಟ್ಟಿ ಬಸ್ಸು ಸಿಕ್ತು, ಹೆಂಗಸ್ರೆಲ್ಲ ದೇವಸ್ಥಾನಕ್ಕೆ ಹೊರಟ್ರು ಅಂತ. ಅವರ ಮನೆ ಹೆಂಗಸರು ಹೊರಟರೆ ತೀರ್ಥಯಾತ್ರೆ, ನನ್ನವ್ವ ಹೊರಟರೆ ಬಿಟ್ಟಿ ತಿರುಗಾಟ. ಬಿಟ್ಟಿ ಅನ್ನುವ ಪದದ ಅರ್ಥ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ತಾತ ಮುತ್ತಾತಂದಿರು ಊರಿಗೆ ಮಾಡಿದ್ದು ಬಿಟ್ಟಿ ಚಾಕರಿ. ಆ ನಷ್ಟವನ್ನು ಯಾರೂ ಯಾವ ಬಜೆಟ್ಟಿನಲ್ಲೂ ತೋರಿಸಲಿಲ್ಲ. ಇನ್ನು, ಸೊನ್ನೆ ಟಿಕೆಟ್ಟಿನ ಬೆಲೆ ಸೊನ್ನೆಯೂ ಅಲ್ಲ. ಅದರ ದರ ಲೆಕ್ಕಕ್ಕೆ ಹತ್ತುತ್ತದೆ. ಆ ದುಡ್ಡನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಸರ್ಕಾರದ ದುಡ್ಡು ಅಂದರೆ ನನ್ನವ್ವ ಕೊಳ್ಳುವ ಬೆಂಕಿಪೊಟ್ಟಣದ ಮೇಲಿನ ತೆರಿಗೆಯೂ ಸೇರಿದ ದುಡ್ಡು.

ಆದರೆ ಗೆಳೆಯರೇ, ಟಿಕೆಟ್ಟು ಪುಕ್ಕಟೆಯಾದರೆ ಸಾಕೆ? ಬಸ್ಸು ಬರಬೇಡವೆ?

ಬಸ್ಸಿನ ವೇಳಾಪಟ್ಟಿಯನ್ನು ಒಂದು ಪದ್ಯ ಓದಿದಷ್ಟು ಗಮನವಿಟ್ಟು ಓದಿ. ಪೇಟೆಯಿಂದ ಪೇಟೆಗೆ ಅರ್ಧ ಗಂಟೆಗೊಂದು, ಅದೂ ತಡೆರಹಿತ. ಹೆದ್ದಾರಿ ಬಿಟ್ಟು ಒಳಗೆ ಹೋದ ಹಾಗೆ ಸಾಲುಗಳು ತೆಳ್ಳಗಾಗುತ್ತವೆ. ಎಷ್ಟೋ ಊರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು. ಅದೂ ಊರ ಅರಳಿಕಟ್ಟೆಯವರೆಗೆ ಬಂದು ತಿರುಗುತ್ತದೆ. ಕೇರಿ ಅದರಾಚೆ. ರಸ್ತೆ ಸರಿಯಿಲ್ಲ, ತಿರುಗಿಸೋಕೆ ಜಾಗ ಇಲ್ಲ ಅಂತಾರೆ. ಕೇರಿಗೆ ರಸ್ತೆ ಯಾಕೆ ಸರಿಯಿಲ್ಲ ಅಂತ ಕೇಳಿದರೆ, ಅದು ಬೇರೆ ಇಲಾಖೆ ಅಂತಾರೆ. ಹೀಗೆ ಇಲಾಖೆಯಿಂದ ಇಲಾಖೆಗೆ ತಿರುಗುವ ಬಸ್ಸು ಮಾತ್ರ ನಮಗೆ ಸದಾ ಲಭ್ಯ.

ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಆರಕ್ಕೆ ಹೊರಡುವ ನೈಟ್ ಹಾಲ್ಟ್ ಬಸ್ಸು ಇಲ್ಲದಿದ್ದರೆ ಈ ಲೇಖನ ಬರೆಯುವ ಬದಲು ಯಾರದೋ ಗದ್ದೆಯಲ್ಲಿ ಇರುತ್ತಿದ್ದೆ. ನನ್ನ ಚಿಕ್ಕಪ್ಪನ ಮಗಳು ಓದುವ ಕಾಲಕ್ಕೆ ಆ ಬಸ್ಸು ನಿಂತಿತು. ಕಾಲೇಜು ಬಿಟ್ಟ ಮೇಲೆ ಸಿಗುವ ಬಸ್ಸು ಕ್ರಾಸಿನಲ್ಲಿ ಇಳಿಸುತ್ತಿತ್ತು. ಅಲ್ಲಿಂದ ಕತ್ತಲೆಯಲ್ಲಿ ಮೂರು ಮೈಲಿ ನಡಿಗೆ. ಎರಡು ತಿಂಗಳು ಚಿಕ್ಕಪ್ಪ ಟಾರ್ಚು ಹಿಡಿದು ಕ್ರಾಸಿಗೆ ಹೋದರು. ಕೂಲಿ ಮಾಡಿ ಬಂದ ಮೈ ಎಷ್ಟು ದಿನ ತಡೆದೀತು? ಅವಳು ಪಿಯುಸಿ ಬಿಟ್ಟಳು. ಅವಳ ಟಿಕೆಟ್ಟು ಪುಕ್ಕಟೆಯೇ ಇತ್ತು.

ಯಾಕೆ ಹೀಗೆ? ಯಾರೋ ಒಬ್ಬ ಅಧಿಕಾರಿಯ ಕೆಟ್ಟತನ ಅಂದುಕೊಂಡರೆ ನಮ್ಮ ಸಿಟ್ಟು ದಾರಿ ತಪ್ಪುತ್ತದೆ. ರಸ್ತೆ ಸಾರಿಗೆ ನಿಗಮಗಳು ಹುಟ್ಟಿದ್ದು 1950ರ ಕಾಯಿದೆಯಿಂದ. ಅದರ 18ನೇ ಸೆಕ್ಷನ್ನು, ಜನಕ್ಕೆ ಸಾಕಷ್ಟು, ದಕ್ಷವಾದ, ಅಗ್ಗದ ಸಾರಿಗೆ ಕೊಡುವುದು ನಿಗಮದ ಕರ್ತವ್ಯ ಅನ್ನುತ್ತದೆ. 22ನೇ ಸೆಕ್ಷನ್ನು, ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಅನ್ನುತ್ತದೆ. ಒಂದೇ ಕಾಯಿದೆಯ ಹೊಟ್ಟೆಯಲ್ಲಿ ಎರಡು ಮಾತು. ಡಿಪೋದಲ್ಲಿ ಒಂದು ರೂಟನ್ನು ಅಳೆಯುವುದು ಕಿಲೋಮೀಟರಿಗೆ ಎಷ್ಟು ಕಲೆಕ್ಷನ್ ಬಂತು ಅಂತ. ಆ ಅಳತೆಗೋಲು 22ನೇ ಸೆಕ್ಷನ್ನಿನದು. ಒಬ್ಬ ಹುಡುಗಿ ಪಿಯುಸಿ ಮುಗಿಸಿದಳೇ, ಒಬ್ಬ ಬಸುರಿ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದಳೇ ಅನ್ನುವುದನ್ನು ಅಳೆಯುವ ಕೋಲು ಯಾವ ಡಿಪೋದಲ್ಲೂ ಇಲ್ಲ. ಪಾಸಿನ ಹುಡುಗರ ಗುಂಪು ಕಂಡರೆ ಬಸ್ಸು ಸ್ಟಾಪಿನಿಂದ ಮುಂದೆ ಹೋಗಿ ನಿಲ್ಲುವುದು ಯಾಕೆ ಅಂತ ಈಗ ತಿಳಿಯಿತಲ್ಲ? ಪಾಸು ಕಲೆಕ್ಷನ್ ಅಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ನಮ್ಮ ಜಗಳವೆಲ್ಲ ಕಂಡಕ್ಟರನ ಜೊತೆಗೇ ನಡೆಯುತ್ತದೆ. ಅವನು ಯಾರು? ಬಹಳ ಸಲ ನಮ್ಮಂಥದೇ ಮನೆಯ ಮಗ, ಈಚೆಗೆ ಮಗಳೂ. ಐವತ್ತು ಜನರ ಬಸ್ಸಿನಲ್ಲಿ ತೊಂಬತ್ತು ಜನರ ನಡುವೆ ತೂರಿ ಪ್ರತಿಯೊಬ್ಬಳ ಕಾರ್ಡು ನೋಡಿ ಸೊನ್ನೆ ಟಿಕೆಟ್ಟು ಹರಿಯಬೇಕು. ಒಂದು ತಪ್ಪಿದರೂ ತನಿಖೆಯವರ ಮುಂದೆ ಅವನೇ ನಿಲ್ಲಬೇಕು. ಸಂಬಳಕ್ಕಾಗಿ 2021ರ ಏಪ್ರಿಲಿನಲ್ಲಿ ಈ ನೌಕರರು ಮುಷ್ಕರ ಹೂಡಿದಾಗ ಎಷ್ಟೋ ಜನರನ್ನು ವಜಾ ಮಾಡಿದರು. 2025ರ ಆಗಸ್ಟ್ 5ರಂದು ಮತ್ತೆ ಬೀದಿಗಿಳಿದಾಗ ಅವರು ಕೇಳುತ್ತಿದ್ದದ್ದರಲ್ಲಿ ಮುಖ್ಯವಾದದ್ದು 38 ತಿಂಗಳ ಹಿಂಬಾಕಿ. ಅದೇ ವರ್ಷದ ಜನವರಿಯಲ್ಲಿ ಟಿಕೆಟ್ ದರ ನೂರಕ್ಕೆ 15ರಷ್ಟು ಏರಿತ್ತು. ಆ ಏರಿಕೆ ಕೊಟ್ಟವನು ಗಾರೆ ಕೆಲಸಕ್ಕೆ ಪೇಟೆಗೆ ಹೋಗುವ ನಮ್ಮ ಕೇರಿಯ ಗಂಡಸು. ಹೆಂಗಸರಿಂದ ನಮಗೆ ಸೀಟಿಲ್ಲ ಅಂತ ಅವನು ಬಯ್ಯುತ್ತಾನೆ, ನಿಮ್ಮಿಂದ ನಮಗೆ ಸಾಕಾಗಿದೆ ಅಂತ ಕಂಡಕ್ಟರ್ ಬಯ್ಯುತ್ತಾನೆ. ಬಸ್ಸಿನ ಸಂಖ್ಯೆಯನ್ನು ತೀರ್ಮಾನಿಸಿದವರು ಆ ಬಸ್ಸಿನಲ್ಲಿ ಇರುವುದೇ ಇಲ್ಲ. ಬಡವರು ಬಡವರ ಕಾಲು ತುಳಿದುಕೊಳ್ಳುತ್ತಾ ಪ್ರಯಾಣ ಮುಗಿಯುತ್ತದೆ.

ನಮ್ಮ ಚಳವಳಿ ಭೂಮಿ ಕೇಳಿದೆ, ನೀರು ಕೇಳಿದೆ, ದೇವಸ್ಥಾನದ ಬಾಗಿಲು ತಟ್ಟಿದೆ. ಬಸ್ಸಿನ ಟೈಮನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಯಾರು ಎಷ್ಟು ದೂರ ನಡೆಯುತ್ತಾರೆ, ಬಸ್ಸಿಲ್ಲದೆ ಯಾರು ಓದು ಬಿಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಿದ್ಯಾರ್ಥಿ ಗೆಳೆಯರೇ, ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮ ಊರಿಗೆ ಐದು ವರ್ಷದ ಹಿಂದೆ ಎಷ್ಟು ಟ್ರಿಪ್ಪಿತ್ತು, ಈಗೆಷ್ಟು, ನಿಲ್ಲಿಸಿದ್ದು ಯಾಕೆ ಅಂತ ಲಿಖಿತವಾಗಿ ಕೇಳಿ. ಆ ಎರಡು ಕಾಗದ ಹಿಡಿದು ಗ್ರಾಮಸಭೆಗೆ ಹೋಗಿ, ಅಲ್ಲಿಂದ ಡಿಪೋಗೆ ಹೋಗಿ. ಹೋಗುವಾಗ ನಿರ್ವಾಹಕರನ್ನೂ ಚಾಲಕರನ್ನೂ ಜೊತೆಗೆ ಕರೆಯಿರಿ. ಸೊನ್ನೆ ಟಿಕೆಟ್ಟಿಗೆ ಸರ್ಕಾರ ಬೆಲೆ ಕಟ್ಟಿಕೊಡುವುದಾದರೆ, ಆ ಟಿಕೆಟ್ಟಿನ ಹೆಂಗಸರಿರುವ ಊರಿನ ರೂಟು ನಷ್ಟದ್ದು ಹೇಗಾಗುತ್ತದೆ ಅಂತ ಲೆಕ್ಕ ಕೇಳಿ.

ಕೆಲವು ರಸ್ತೆ ಬದಿಯಲ್ಲಿ ಕೋರಿಕೆ ನಿಲುಗಡೆ ಅಂತ ಒಂದು ಬೋರ್ಡು ಇರುತ್ತದೆ. ಕೈ ಅಡ್ಡ ಹಾಕಿ ಕೋರಿದರೆ ಬಸ್ಸು ನಿಲ್ಲಬೇಕು. ನಮ್ಮ ಕೇರಿಗಳ ಮುಂದೆ ಆ ಬೋರ್ಡೂ ಇಲ್ಲ. ಕೋರಿಕೆಯ ಕಾಲ ಮುಗಿಯಿತು. ಪಲ್ಲಕ್ಕಿಯನ್ನು ಯಾರು ಬೇಕಾದರೂ ಹತ್ತಿಕೊಳ್ಳಲಿ. ನಮಗೆ ಸಂಜೆ ಐದೂವರೆಗೆ ಕೇರಿಯವರೆಗೆ ಬರುವ ಕೆಂಪು ಬಸ್ಸು ಬೇಕು.